ಗೋಣಿ ಸೊಪ್ಪನ್ನು ಕಿತ್ತು ಬಿಸಾಡೋದಾ, ಬಳಸೋದಾ? ನಿಮ್ಮ ಅನುಭವ ಹೇಳಿ

ಕೇಳಿದವರು:
ಎಲ್ಲರಿಗೂ ನಮಸ್ಕಾರ. ನಾನು ತರಕಾರಿ ಪಾತಿ ಮಾಡೋಕೆ ಶುರು ಮಾಡಿ ಇದು ಎರಡನೇ ವರ್ಷ. ಟೊಮೆಟೊ ಬುಡದಲ್ಲಿ, ಕಲ್ಲಿನ ಸಂದಿಯಲ್ಲಿ, ಕುಂಡಗಳಲ್ಲಿ, ಎಲ್ಲಿ ನೋಡಿದರೂ ಒಂದೇ ಕಳೆ. ಕೆಂಪು ದಂಟು, ದಪ್ಪ ದಪ್ಪ ಪುಟ್ಟ ಎಲೆ, ನೆಲಕ್ಕೆ ಅಂಟಿಕೊಂಡು ಹಬ್ಬುತ್ತದೆ. ಒಬ್ಬರು ಗೋಣಿ ಸೊಪ್ಪು ಅಂದರು, ಇನ್ನೊಬ್ಬರು ಗೋಳಿ ಸೊಪ್ಪು ಅಂದರು. ಎಷ್ಟು ಕಿತ್ತರೂ ಹದಿನೈದು ದಿನಕ್ಕೆ ಮತ್ತೆ ಅಷ್ಟೇ ಇರುತ್ತದೆ. ಈಗ ನೋಡಿದರೆ ಇದು ಔಷಧಿ, ಶುಗರ್‌ಗೂ ಒಳ್ಳೆಯದು, ಚರ್ಮಕ್ಕೂ ಒಳ್ಳೆಯದು ಅಂತ ಹೇಳುತ್ತಾರೆ. ಅಮ್ಮನಿಗೆ ಶುಗರ್ ಇದೆ. ನಮ್ಮ ಮನೆಯವರಿಗೆ ಎರಡು ಸಲ ಕಿಡ್ನಿಯಲ್ಲಿ ಕಲ್ಲಾಗಿತ್ತು. ನೀವು ನಿಜವಾಗಿ ಬಳಸಿದ್ದರೆ ಹೇಗೆ ಬಳಸಿದಿರಿ, ಏನಾಯಿತು, ದಯವಿಟ್ಟು ತಿಳಿಸಿ.

ತರಕಾರಿ ಬೆಳೆಯುವವರು:
ನಾನು ಈ ಗಿಡದ ಜೊತೆ ಹನ್ನೆರಡು ವರ್ಷ ಗುದ್ದಾಡಿದ್ದೇನೆ. ಮೊದಲ ಐದು ವರ್ಷ ಬರೀ ಕೀಳೋದೇ ಆಯಿತು. ಆಮೇಲೆ ತಿನ್ನೋಕೆ ಶುರು ಮಾಡಿದೆವು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇದನ್ನು ಔಷಧಿ ಅಂತ ನೋಡಬೇಡಿ, ಒಂದು ಒಳ್ಳೆಯ ಸೊಪ್ಪು ಅಂತ ನೋಡಿ. ಆಗ ಇದರಿಂದ ಏನು ಸಿಗಬೇಕೋ ಅದು ಸಿಗುತ್ತದೆ, ತೊಂದರೆಯೂ ಆಗುವುದಿಲ್ಲ.

ಮೊದಲು ಗಿಡ ಅದೇನಾ ಅಂತ ಖಚಿತ ಮಾಡಿಕೊಳ್ಳಿ. ಶಾಸ್ತ್ರೀಯ ಹೆಸರು ಪೋರ್ಚುಲಾಕಾ ಒಲರೇಸಿಯಾ. ಹೂಕುಂಡದಲ್ಲಿ ಬೆಳೆಸುವ ಟೇಬಲ್ ರೋಸ್ ಇದೆಯಲ್ಲ, ಅದರ ಸಂಬಂಧಿ. ದಂಟು ನುಣುಪಾಗಿರುತ್ತದೆ, ಕೂದಲು ಇರುವುದಿಲ್ಲ. ಎಲೆ ಪುಟ್ಟ ಚಮಚದ ಆಕಾರ, ಒತ್ತಿದರೆ ನೀರು ಬರುತ್ತದೆ. ಹೂ ಹಳದಿ, ಬಿಸಿಲು ಬಂದ ಮೇಲೆ ಕೆಲವೇ ಗಂಟೆ ಅರಳಿರುತ್ತದೆ. ಬೀಜದ ಕಾಯಿ ಹಣ್ಣಾದಾಗ ಡಬ್ಬಿಯ ಮುಚ್ಚಳದ ಹಾಗೆ ಮೇಲಿನ ಭಾಗ ಕಳಚಿಕೊಳ್ಳುತ್ತದೆ. ಒಳಗೆ ಧೂಳಿನಷ್ಟು ಸಣ್ಣ ಕಪ್ಪು ಬೀಜ. ಇದೇ ಜಾಗದಲ್ಲಿ ಇದೇ ತರ ನೆಲಕ್ಕೆ ಹಬ್ಬುವ ಹಾಲುಗಿಡದ ಜಾತಿಗಳೂ ಇರುತ್ತವೆ. ದಂಟು ಮುರಿದು ನೋಡಿ. ಬಿಳಿ ಹಾಲು ಬಂದರೆ ಅದು ಗೋಣಿ ಸೊಪ್ಪಲ್ಲ, ತಿನ್ನಬಾರದು. ಆ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳಲೂ ಬೇಡಿ, ಆ ಹಾಲು ಉರಿಯುತ್ತದೆ.

ಎಷ್ಟು ಕಿತ್ತರೂ ಬರುತ್ತದೆ ಅಂದಿರಲ್ಲ, ಅದಕ್ಕೆ ಕಾರಣ ಇದೆ. ಒಂದು ದೊಡ್ಡ ಗಿಡ 2 ಲಕ್ಷಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಅನ್ನುವ ಸಸ್ಯವಿಜ್ಞಾನಿ 1879ರಲ್ಲಿ ಬೇರೆ ಬೇರೆ ಕಳೆಗಳ ಬೀಜವನ್ನು ಬಾಟಲಿಗಳಲ್ಲಿ ತುಂಬಿ ಹೂತಿಟ್ಟಿದ್ದರು. ಇಂತಿಷ್ಟು ವರ್ಷಕ್ಕೊಂದು ಅಂತ ತೆಗೆದು ಬಿತ್ತಿ ನೋಡುತ್ತಾ ಬಂದರು. 40 ವರ್ಷದ ನಂತರವೂ ಗೋಣಿ ಸೊಪ್ಪಿನ ಬೀಜ ಮೊಳೆತಿತ್ತು! ಹಾಗಾಗಿ ಪೂರ್ತಿ ನಿರ್ಮೂಲ ಮಾಡುವ ಆಸೆ ನಾನಂತೂ ಬಿಟ್ಟೆ.

ನಾನು ಮಾಡಿದ ದೊಡ್ಡ ತಪ್ಪು ಅಂದರೆ ಗುದ್ದಲಿಯಲ್ಲಿ ಕೊಚ್ಚಿ ಅಲ್ಲೇ ಬಿಡುತ್ತಿದ್ದದ್ದು. ದಂಟಿನ ಒಂದೊಂದು ತುಂಡೂ ಬೇರು ಬಿಡುತ್ತದೆ. ಒಂದು ಗಿಡ ಇದ್ದ ಕಡೆ ಹತ್ತು ಆದವು. ಇನ್ನೊಂದು ವಿಷಯ, ಹೂ ಬಿಟ್ಟ ಗಿಡ ಕಿತ್ತು ಬದುವಿನ ಮೇಲೆ ಎಸೆದರೆ ದಂಟಿನಲ್ಲಿರುವ ನೀರಲ್ಲೇ ಬದುಕಿಕೊಂಡು ಬೀಜ ಬಲಿಸಿ ಉದುರಿಸುತ್ತದೆ. ಆದ್ದರಿಂದ ಹೂವಿಗೆ ಮುಂಚೆ ಬೇರು ಸಮೇತ ಕಿತ್ತು ಪಾತಿಯಿಂದ ಹೊರಗೆ ಒಯ್ಯಿರಿ. ಬೀಜಕ್ಕೆ ಬೆಳಕು ಬೇಕು, ಮಣ್ಣಿನ ಮೇಲ್ಪದರದಲ್ಲೇ ಮೊಳೆಯುತ್ತದೆ. ಒಣ ಎಲೆ, ಹುಲ್ಲು ದಪ್ಪಗೆ ಹೊದಿಸಿದ ಪಾತಿಗಳಲ್ಲಿ ನನಗೆ ಮುಕ್ಕಾಲು ಪಾಲು ಕಮ್ಮಿಯಾಯಿತು.

ಎಲ್ಲವನ್ನೂ ಕೀಳಬೇಕಾಗಿಲ್ಲ ಅನ್ನುವುದೂ ನನ್ನ ಅನುಭವ. ಎತ್ತರವಾಗಿ ಬೆಳೆದ ಟೊಮೆಟೊ, ಬದನೆ ಬುಡದಲ್ಲಿ ಬಿಟ್ಟರೆ ಮಣ್ಣಿಗೆ ಹೊದಿಕೆಯಾಗುತ್ತದೆ. ಮಣ್ಣು ಬಿಸಿಲಿಗೆ ಬಿರಿಯುವುದಿಲ್ಲ. ಈರುಳ್ಳಿ, ಕ್ಯಾರೆಟ್ ಸಸಿಗಳ ನಡುವೆ ಮಾತ್ರ ಬಿಡಲೇಬಾರದು, ಅವನ್ನು ಮುಚ್ಚಿ ಹಾಕುತ್ತದೆ.

ತಿನ್ನುವ ವಿಷಯಕ್ಕೆ ಬಂದರೆ, ಎಳೆ ತುದಿಗಳನ್ನು ಚಿವುಟಿ. ಬೆಳಗ್ಗೆ ಕೊಯ್ದರೆ ಹುಳಿ ಜಾಸ್ತಿ, ಮಧ್ಯಾಹ್ನದ ಮೇಲೆ ಕೊಯ್ದರೆ ಕಮ್ಮಿ. ನೀರು ಕಮ್ಮಿಯಾದಾಗ ಈ ಗಿಡ ಹಗಲು ಎಲೆಯ ರಂಧ್ರ ಮುಚ್ಚಿಕೊಂಡು ರಾತ್ರಿ ಗಾಳಿ ಎಳೆದುಕೊಳ್ಳುತ್ತದೆ. ಅದನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು ಹಗಲು ಖರ್ಚು ಮಾಡುತ್ತದೆ. ಬೆಳಗಿನ ಹುಳಿ ಅದೇ. ಜೋಳದ ತರ ಬೇಗ ಬೆಳೆಯುವ ವಿಧಾನ, ಕಳ್ಳಿ ತರ ನೀರು ಉಳಿಸುವ ವಿಧಾನ, ಎರಡೂ ಇದರ ಒಂದೇ ಎಲೆಯ ಅದೇ ಕೋಶಗಳಲ್ಲಿ ನಡೆಯುತ್ತದೆ ಅಂತ ಯೇಲ್ ವಿಶ್ವವಿದ್ಯಾಲಯದವರು 2022ರಲ್ಲಿ ತೋರಿಸಿದರು. ಇಂಥ ಗಿಡವನ್ನು ಸುಮ್ನೆ ಕಳೆ ಅಂತ ಕರೆಯೋಕೆ ನನಗೆ ಮನಸ್ಸೇ ಬರುವುದಿಲ್ಲ.

ಆಸ್ಪತ್ರೆಯ ಆಹಾರ ವಿಭಾಗದಲ್ಲಿ ಕೆಲಸ ಮಾಡಿದವರು:
ಮೇಡಂ, ಮೊದಲು ನಿಮ್ಮ ಮನೆಯವರ ವಿಷಯ. ಅದೇ ಮುಖ್ಯ. ಗೋಣಿ ಸೊಪ್ಪಿನಲ್ಲಿ ಆಕ್ಸಲೇಟ್ ಅನ್ನುವ, ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗುವ ಅಂಶ ತುಂಬಾ ಜಾಸ್ತಿ, ಪಾಲಕ್ ಸೊಪ್ಪಿನ ಸಾಲಿಗೆ ಸೇರುತ್ತದೆ. ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲುಗಳೇ. ಎರಡು ಸಲ ಕಲ್ಲಾದವರು ಈ ಸೊಪ್ಪಿನಿಂದ ದೂರ ಇರುವುದೇ ಸರಿ. ಅವರಿಗೆ ಆಗಿದ್ದು ಯಾವ ಬಗೆಯ ಕಲ್ಲು ಅಂತ ಡಾಕ್ಟರ್ ಹತ್ತಿರ ಕೇಳಿ. ಅವರು ಒಪ್ಪಿದರೆ ಮಾತ್ರ ಯಾವಾಗಲಾದರೂ ಸ್ವಲ್ಪ ತಿನ್ನಲಿ.

ಉಳಿದವರು ತಿನ್ನುವಾಗ ಸೊಪ್ಪನ್ನು ಜಾಸ್ತಿ ನೀರಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಿ. ಕರಗುವ ಆಕ್ಸಲೇಟ್‌ನಲ್ಲಿ ಒಂದಷ್ಟು ನೀರಿನ ಜೊತೆ ಹೋಗುತ್ತದೆ. ಮೊಸರಿನ ಜೊತೆ ತಿಂದರೆ ಮೊಸರಿನ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ, ರಕ್ತಕ್ಕೆ ಹೋಗುವುದು ಕಮ್ಮಿಯಾಗುತ್ತದೆ. ದಿನಾ ಬೆಳಗ್ಗೆ ಹಸಿ ಸೊಪ್ಪಿನ ಜ್ಯೂಸ್ ಕುಡಿಯುವ ಅಭ್ಯಾಸ ಮಾತ್ರ ಖಂಡಿತ ಬೇಡ. ತಟ್ಟೆಯಲ್ಲಿ ಹಿಡಿಯಷ್ಟು ತಿನ್ನುವುದೇ ಬೇರೆ, ಕಾಲು ಕೆಜಿ ರುಬ್ಬಿ ಕುಡಿಯುವುದೇ ಬೇರೆ ಅಲ್ವಾ?

ಅಮ್ಮನ ಶುಗರ್ ಬಗ್ಗೆ. ಇದರ ಬೀಜದ ಪುಡಿ ಕೊಟ್ಟು ಮಧುಮೇಹಿಗಳ ಮೇಲೆ ಕೆಲವು ಚಿಕ್ಕ ಪ್ರಯೋಗಗಳು ನಡೆದಿವೆ. ಚಿಕ್ಕವು ಅನ್ನುವುದನ್ನು ಮರೆಯಬೇಡಿ. ಅದನ್ನು ನಂಬಿ ಮಾತ್ರೆ ಬಿಡುವುದಾಗಲಿ ಕಮ್ಮಿ ಮಾಡುವುದಾಗಲಿ ಬೇಡ. ಸೊಪ್ಪಾಗಿ ತಿನ್ನಲಿ, ಅದು ಒಳ್ಳೆಯದೇ. 100 ಗ್ರಾಂ ಹಸಿ ಎಲೆಯಲ್ಲಿ 300ರಿಂದ 400 ಮಿಲಿಗ್ರಾಂ ಒಮೆಗಾ-3 ಕೊಬ್ಬಿನಾಮ್ಲ ಇದೆ. ಸೊಪ್ಪುಗಳಲ್ಲಿ ಇಷ್ಟು ಸಿಗುವುದು ಅಪರೂಪ. ಮೀನಿನಲ್ಲಿರುವ ಬಗೆ ಇದಲ್ಲ, ಅಗಸೆ ಬೀಜದಲ್ಲಿರುವ ಬಗೆ. ಹಾಗಾಗಿ ಮೀನೆಣ್ಣೆಗೆ ಬದಲಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಪೊಟ್ಯಾಸಿಯಂ ಕೂಡ ಚೆನ್ನಾಗಿದೆ, 100 ಗ್ರಾಂಗೆ 490 ಮಿಲಿಗ್ರಾಂ ಹತ್ತಿರ. ಆರೋಗ್ಯವಾಗಿರುವವರಿಗೆ ಇದು ಲಾಭ. ಕಿಡ್ನಿ ದುರ್ಬಲವಾಗಿ ಪೊಟ್ಯಾಸಿಯಂ ಕಮ್ಮಿ ಮಾಡಿ ಅಂತ ಹೇಳಿಸಿಕೊಂಡವರಿಗೆ ಇದೇ ಅಪಾಯ. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಯಾವ ಹಸಿರು ಸೊಪ್ಪನ್ನೂ ಇದ್ದಕ್ಕಿದ್ದಂತೆ ಜಾಸ್ತಿ ಮಾಡಬಾರದು, ವಿಟಮಿನ್ ಕೆ ಆ ಮಾತ್ರೆಯ ಕೆಲಸ ತಗ್ಗಿಸುತ್ತದೆ. ಬಸುರಿಯರು ಇದರ ಕಷಾಯ, ಬೀಜದ ಪುಡಿ ತೆಗೆದುಕೊಳ್ಳಬೇಡಿ.

ಚರ್ಮಕ್ಕೆ ಬಳಸಿದವರು:
ನಾನು ಹೊರಗೆ ಹಚ್ಚುವುದಕ್ಕೆ ಬಳಸಿದ್ದೇನೆ. ಬಿಸಿಲಿಗೆ ಕೈ ಕೆಂಪಾಗಿ ಉರಿಯುವಾಗ, ಸೊಳ್ಳೆ, ಇರುವೆ ಕಚ್ಚಿದ ಕಡೆ ಎಲೆ ತೊಳೆದು ಜಜ್ಜಿ ಆ ಲೋಳೆ ಹಚ್ಚುತ್ತೇನೆ. ತಂಪಾಗುತ್ತದೆ, ತುರಿಕೆ ತಗ್ಗುತ್ತದೆ. ಲೋಳೆಸರದ ತಿರುಳು ಹಚ್ಚಿದ ಹಾಗೇ ಇರುತ್ತದೆ. ಅರ್ಧ ಗಂಟೆ ಬಿಟ್ಟು ತೊಳೆಯುತ್ತೇನೆ.

ಆದರೆ ನನ್ನ ಒಂದು ಕೆಟ್ಟ ಅನುಭವವನ್ನೂ ಹೇಳಲೇಬೇಕು. ಒಮ್ಮೆ ಬಿಸಿ ಎಣ್ಣೆ ಸಿಡಿದು ಕೈಗೆ ಬೊಬ್ಬೆ ಬಂತು. ಬೊಬ್ಬೆ ಒಡೆದ ಮೇಲೂ ಇದೇ ಸೊಪ್ಪು ಅರೆದು ಕಟ್ಟಿದೆ. ಮೂರನೇ ದಿನಕ್ಕೆ ಕೀವು. ವಾಸಿಯಾಗೋಕೆ ಒಂದು ತಿಂಗಳು ಹಿಡಿಯಿತು. ಎಲೆ ಎಷ್ಟು ತೊಳೆದರೂ ಮಣ್ಣಿನ ಕ್ರಿಮಿ ಇದ್ದೇ ಇರುತ್ತದೆ. ಚರ್ಮ ಒಡೆದಿದ್ದರೆ, ಸುಟ್ಟ ಗಾಯವಾಗಿದ್ದರೆ ಬೇಡವೇ ಬೇಡ. ಸುಟ್ಟ ತಕ್ಷಣ ಬರೀ ತಣ್ಣೀರು ಹರಿಸಿ, ಅಷ್ಟೇ. ಮೊದಲ ಸಲ ಹಚ್ಚುವವರು ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಿ.

ಕುರಿ, ಕೋಳಿ ಸಾಕುವವರು:
ಕಿತ್ತ ರಾಶಿಯನ್ನು ಎಲ್ಲಿ ಹಾಕೋದು ಅನ್ನುವವರಿಗೆ ನನ್ನ ಮಾತು. ಕೋಳಿಗಳಿಗೆ ಹಾಕಿ, ಮುಗಿಬಿದ್ದು ತಿನ್ನುತ್ತವೆ. ಗ್ರೀಸ್‌ನಲ್ಲಿ ಹೊರಗೆ ಮೇಯುವ ಕೋಳಿಗಳ ಮೊಟ್ಟೆಯಲ್ಲಿ ಒಮೆಗಾ-3 ಜಾಸ್ತಿ ಇದೆ ಅಂತ 1989ರಲ್ಲಿ ವರದಿಯಾಗಿತ್ತು. ಆ ಕೋಳಿಗಳು ಮೇಯುತ್ತಿದ್ದ ಸೊಪ್ಪುಗಳಲ್ಲಿ ಇದೂ ಒಂದು.

ಕುರಿ, ದನಗಳ ವಿಷಯದಲ್ಲಿ ಹುಷಾರು. ಹಸಿದ ಕುರಿಗಳನ್ನು ಬರೀ ಇದೇ ಹಬ್ಬಿರುವ ಜಾಗಕ್ಕೆ ಬಿಟ್ಟರೆ ಆಕ್ಸಲೇಟ್ ವಿಷವಾಗಿ ಸಾಯುವುದೂ ಉಂಟು. ಗೊಬ್ಬರ ಜಾಸ್ತಿ ಬಿದ್ದ ಮಣ್ಣಿನಲ್ಲಿ ನೈಟ್ರೇಟ್ ಕೂಡ ಎಲೆಯಲ್ಲಿ ಸೇರಿಕೊಂಡಿರುತ್ತದೆ, ಜಾಸ್ತಿಯಾದರೆ ಅದೂ ಕುರಿ, ದನಗಳಿಗೆ ವಿಷವೇ. ನಾನು ಮೊದಲು ಒಣ ಮೇವು ಹಾಕಿ ಹೊಟ್ಟೆ ತುಂಬಿಸುತ್ತೇನೆ. ಆಮೇಲೆ ಬೇರೆ ಸೊಪ್ಪಿನ ಜೊತೆ ಇದನ್ನು ಸ್ವಲ್ಪ ಬೆರೆಸುತ್ತೇನೆ.

ಗಿಡಗಳ ಪರಿಚಯ ಇರುವವರು:
ಮೇಲೆ ಹಾಲು ಬರುತ್ತದಾ ನೋಡಿ ಅಂದಿದ್ದಾರೆ. ಸರಿ, ಆದರೆ ಅದೊಂದೇ ಸಾಲದು. ಹಾಲು ಬರದ, ನೋಡೋಕೆ ಹೀಗೇ ಇರುವ ಇನ್ನೊಂದು ಕಳೆ ಇದೆ, ಟ್ರಯಾಂಥೆಮಾ ಅಂತ. ಅದೂ ನೆಲಕ್ಕೆ ಹಬ್ಬುತ್ತದೆ, ಅದರ ಎಲೆಯೂ ದಪ್ಪ. ವ್ಯತ್ಯಾಸ ಎರಡು ಕಡೆ ನೋಡಿ. ಅದರ ಎಲೆಗಳು ಎದುರು ಬದುರು ಜೋಡಿಯಾಗಿರುತ್ತವೆ, ಜೋಡಿಯಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ಹೂ ಬಿಳಿ ಅಥವಾ ನಸುಗೆಂಪು, ಹಳದಿ ಅಲ್ಲ. ಹಳದಿ ಹೂ ಕಣ್ಣಾರೆ ನೋಡುವವರೆಗೆ ನಾನು ಹೊಸ ಜಾಗದ ಗಿಡ ಮುಟ್ಟುವುದಿಲ್ಲ. ಹೂ ಬಂದ ಮೇಲೆ ಗುರುತು ಹಾಕಿ ಇಟ್ಟುಕೊಂಡು ಮುಂದೆ ಅದೇ ಜಾಗದ ಎಳೆ ಚಿಗುರು ಕೊಯ್ಯಿರಿ.

ಇನ್ನೊಂದು ಮಾತು. ರಸ್ತೆ ಪಕ್ಕ, ಚರಂಡಿ ಬದಿ, ಕಳೆನಾಶಕ ಹೊಡೆದ ಜಾಗ, ಕಾರ್ಖಾನೆ ಸುತ್ತಮುತ್ತ, ಇಲ್ಲಿಂದ ಒಂದೆಲೆಯೂ ತರಬೇಡಿ. ಈ ಗಿಡ ಮಣ್ಣಿನಲ್ಲಿರುವ ಸೀಸದಂಥ ಲೋಹವನ್ನೂ ಎಳೆದುಕೊಳ್ಳುತ್ತದೆ. ತೊಳೆದರೆ ಹೋಗುವುದಿಲ್ಲ, ಅದು ಎಲೆಯ ಒಳಗೇ ಇರುತ್ತದೆ.

ಹಳೆಯ ವೈದ್ಯ ಪದ್ಧತಿಗಳಲ್ಲಿ ಇದಕ್ಕೆ ದೊಡ್ಡ ಜಾಗ ಇದೆ ಅನ್ನುವುದೂ ನಿಜ. ಚೀನಾದ ವೈದ್ಯದಲ್ಲಿ ಇದರ ಹೆಸರಿನ ಅರ್ಥ ಕುದುರೆ ಹಲ್ಲಿನ ಸೊಪ್ಪು. ಅಲ್ಲಿ ರಕ್ತಭೇದಿಗೆ ಕೊಡುತ್ತಾರೆ. ಯುನಾನಿಯಲ್ಲಿ ಇದರ ಬೀಜ ಬಳಸುತ್ತಾರೆ, ಆಯುರ್ವೇದದಲ್ಲೂ ಇದೆ. ಆದರೆ ಮಲದಲ್ಲಿ ರಕ್ತ ಕಂಡರೆ ಸೊಪ್ಪು ಹುಡುಕುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಕೇಳಿದವರು:
ಎಲ್ಲರಿಗೂ ತುಂಬಾ ಧನ್ಯವಾದ. ನಿಮ್ಮ ಮಾತು ಓದಿ ಇವತ್ತು ಬಿಸಿಲಲ್ಲೇ ಹೋಗಿ ಎಲ್ಲಾ ಕಡೆ ನೋಡಿದೆ. ಟೊಮೆಟೊ ಬುಡದಲ್ಲಿ ಇರುವುದಕ್ಕೆ ಹಳದಿ ಹೂ ಇದೆ, ಹಾಲು ಇಲ್ಲ. ಕಲ್ಲಿನ ಸಂದಿಯದು ಮುರಿದರೆ ಬಿಳಿ ಹಾಲು ಬಂತು! ನಾನು ಎರಡೂ ಒಂದೇ ಅಂದುಕೊಂಡಿದ್ದೆ. ಗೇಟಿನ ಹತ್ತಿರ ಇರುವುದರಲ್ಲಿ ಹೂವೇ ಇಲ್ಲ, ಅದನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಮನೆಯವರ ತಟ್ಟೆಗೆ ಹಾಕುವುದಿಲ್ಲ. ಅಮ್ಮನಿಗೆ ಬೇಯಿಸಿ, ನೀರು ಚೆಲ್ಲಿ, ಮೊಸರಲ್ಲಿ ಕಲಸಿ ಕೊಡುತ್ತೇನೆ. ಒಂದೇ ಒಂದು ಪ್ರಶ್ನೆ. ಪಾತಿಯಿಂದ ತೆಗೆದು ಇದನ್ನು ಒಂದು ಕುಂಡದಲ್ಲಿ ಮಾತ್ರ ಇಟ್ಟುಕೊಳ್ಳಬಹುದಾ?

ತರಕಾರಿ ಬೆಳೆಯುವವರು:
ಖಂಡಿತ ಆಗುತ್ತದೆ, ಅದೇ ಒಳ್ಳೆಯ ದಾರಿ. ಗುರುತು ಖಚಿತವಾದ ಗಿಡದಿಂದ ಬೆರಳುದ್ದದ ಎರಡು ತುಂಡು ದಂಟು ಮುರಿದು ಮಣ್ಣಿಗೆ ಚುಚ್ಚಿ. ಅಗಲವಾದ, ಆಳ ಕಮ್ಮಿ ಇರುವ ಕುಂಡ ಸಾಕು. ಬಿಸಿಲು ಚೆನ್ನಾಗಿ ಬೀಳಬೇಕು. ನೀರು ಮಣ್ಣು ಒಣಗಿದ ಮೇಲೆ ಕೊಡಿ, ನಿಂತ ನೀರಲ್ಲಿ ಕೊಳೆಯುತ್ತದೆ. ವಾರಕ್ಕೊಮ್ಮೆ ತುದಿ ಚಿವುಟುತ್ತಾ ಇದ್ದರೆ ಪೊದೆಯಾಗುತ್ತದೆ, ಹೂವೂ ಕಮ್ಮಿ ಬಿಡುತ್ತದೆ. ಮೊಗ್ಗು ಕಂಡರೆ ಅವತ್ತೇ ಕೊಯ್ದುಬಿಡಿ. ಕುಂಡವನ್ನು ಪಾತಿಯ ಅಂಚಿನಲ್ಲಿ ಇಡಬೇಡಿ, ಕಲ್ಲುಹಾಸಿನ ಮೇಲೆ ಇಡಿ. ಒಂದು ಕಾಯಿ ಒಡೆದರೂ ಬೀಜ ಪಾತಿಗೇ ಹೋಗಿ ಸೇರುತ್ತದೆ.