ಟೆರಿಟೋರಿಯಲ್ ಆರ್ಮಿ: ಗೌರವ ದರ್ಜೆ ಯಾರಿಗೆ, ಬೆಟಾಲಿಯನ್ ನಡೆಸೋರು ಯಾರು?

ಪ್ರಶ್ನೆ (ದಾವಣಗೆರೆಯ ಸದಸ್ಯರು):
ಸರ್, ನಮಸ್ಕಾರ. ನೀವು ಟೆರಿಟೋರಿಯಲ್ ಆರ್ಮಿಯಲ್ಲಿ (ಟಿಎ, ಅಂದರೆ ಬೇರೆ ಕೆಲಸದ ಜೊತೆಗೇ ಸೇವೆ ಮಾಡೋ ಅರೆಕಾಲಿಕ ಸೇನೆ) ಆಫೀಸರ್ ಆಗಿದ್ದವರು ಅಂತ ಅಡ್ಮಿನ್ ಹೇಳಿದರು. ನಾನು ಖಾಸಗಿ ಕಂಪನಿಯಲ್ಲಿ ಎಂಜಿನಿಯರ್, ವಯಸ್ಸು 31. ಟಿಎ ಪರೀಕ್ಷೆ ಬರೆಯೋ ಆಸೆ. ಮನೇಲಿ ಹೇಳಿದರೆ ನಮ್ಮ ಮಾವ, "ಅದೆಲ್ಲ ಧೋನಿ ಥರದವರಿಗೆ ಕೊಡೋ ಶೋಕಿ ಹುದ್ದೆ, ನಿನಗ್ಯಾಕೆ" ಅಂದರು. ಧೋನಿ ನೇರವಾಗಿ ಲೆಫ್ಟಿನೆಂಟ್ ಕರ್ನಲ್ ಆದರಲ್ವಾ? ನಾನು ಪಾಸಾದರೆ ಏನಾಗ್ತೀನಿ? ಅಂಥವರ ಕೈಕೆಳಗೆ ಕೆಲಸ ಮಾಡಬೇಕಾ? ಬೆಟಾಲಿಯನ್ ನಿಜವಾಗಿ ನಡೆಸೋರು ಯಾರು?

ಉತ್ತರ:
ನಮಸ್ಕಾರ. ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಗೊತ್ತಾದರೆ ಉಳಿದದ್ದು ಸಲೀಸು.

ಬೆಟಾಲಿಯನ್ ನಡೆಸುವವರು ಕಮಾಂಡಿಂಗ್ ಆಫೀಸರ್. ಎಲ್ಲರ ಬಾಯಲ್ಲೂ 'ಸಿಒ ಸಾಬ್'. ಟಿಎ ಇನ್‌ಫೆಂಟ್ರಿ (ಕಾಲ್ದಳ) ಬೆಟಾಲಿಯನ್‌ಗೆ ಸಾಮಾನ್ಯವಾಗಿ ರೆಗ್ಯುಲರ್ ಸೇನೆಯ ಕರ್ನಲ್ ಒಬ್ಬರು ಸಿಒ ಆಗಿ ಬರುತ್ತಾರೆ. ಅವರ ಕೆಳಗೆ ಸೆಕೆಂಡ್ ಇನ್ ಕಮಾಂಡ್, ಆಡಳಿತ ನೋಡುವ ಅಡ್ಜುಟೆಂಟ್, ಸಾಮಗ್ರಿ ನೋಡುವ ಕ್ವಾರ್ಟರ್ ಮಾಸ್ಟರ್, ಕಂಪನಿ (ಬೆಟಾಲಿಯನ್‌ನ ಒಂದು ತುಕಡಿ) ಕಮಾಂಡರ್‌ಗಳು. ಜವಾನರ ಕಡೆಯಿಂದ ಸುಬೇದಾರ್ ಮೇಜರ್. ಯಾವ ಕಂಪನಿ ಎಲ್ಲಿಗೆ ಹೋಗಬೇಕು, ಯಾರಿಗೆ ರಜೆ, ಯಾರಿಗೆ ಶಿಕ್ಷೆ, ಇದೆಲ್ಲ ಈ ಸಾಲಿನಲ್ಲೇ ತೀರ್ಮಾನ ಆಗುತ್ತದೆ. ಧೋನಿ ಥರ ಗೌರವ ದರ್ಜೆ (ಆನರರಿ ರ‍್ಯಾಂಕ್) ಪಡೆದವರಿಗೆ ಈ ಸಾಲಿನಲ್ಲಿ ಜಾಗ ಇಲ್ಲ. ಹೆಗಲ ಮೇಲೆ ಲೆಫ್ಟಿನೆಂಟ್ ಕರ್ನಲ್‌ನ ಸಿಂಹಲಾಂಛನ, ಒಂದು ನಕ್ಷತ್ರ ಇರುತ್ತದೆ. ಜವಾನರು ಸೆಲ್ಯೂಟ್ ಹೊಡೆಯುತ್ತಾರೆ. ಆದರೆ ಒಂದು ಸೆಕ್ಷನ್, ಅಂದರೆ ಅತಿ ಸಣ್ಣ ತುಕಡಿ ಕೂಡ ಅವರ ಕಮಾಂಡಿನಲ್ಲಿ ಇರುವುದಿಲ್ಲ. ಟಿಎ ಸಂಬಳ, ಪಿಂಚಣಿಯೂ ಇಲ್ಲ. ಹಾಗಾಗಿ ಅವರ ಕೈಕೆಳಗೆ ಕೆಲಸ ಮಾಡುವ ಮಾತೇ ಬರುವುದಿಲ್ಲ.

ಹಾಗಂತ ಅದನ್ನು ಶೋಕಿ ಅನ್ನೋದು ನನಗೆ ಒಪ್ಪಿಗೆ ಇಲ್ಲ. ಧೋನಿಗೆ 2011ರ ನವೆಂಬರ್‌ನಲ್ಲಿ ಶೂಟಿಂಗ್ ಪಟು ಅಭಿನವ್ ಬಿಂದ್ರಾ ಜೊತೆಗೆ ಈ ಗೌರವ ಸಿಕ್ಕಿತು. ಅವರನ್ನು ಸೇರಿಸಿದ್ದು ನಮ್ಮ ಬೆಂಗಳೂರಿನಲ್ಲೇ ನೆಲೆ ಇರುವ 106 ಇನ್‌ಫೆಂಟ್ರಿ ಬೆಟಾಲಿಯನ್ (ಟಿಎ) ಪ್ಯಾರಾಗೆ, ಅಂದರೆ ಪ್ಯಾರಾಚೂಟ್ ದಳಕ್ಕೆ. ಫೋಟೊ ತೆಗೆಸಿಕೊಂಡು ಸುಮ್ನೆ ಇರಬಹುದಿತ್ತು. ಅವರು ಇರಲಿಲ್ಲ. 2015ರಲ್ಲಿ ಆಗ್ರಾದ ಪ್ಯಾರಾ ತರಬೇತಿ ಶಾಲೆಗೆ ಹೋಗಿ, ಉಳಿದವರ ಹಾಗೇ ನೆಲದ ಮೇಲಿನ ತರಬೇತಿ ಮುಗಿಸಿ, ವಿಮಾನದಿಂದ ಐದು ಸಲ ಜಿಗಿದರು. ಪ್ಯಾರಾ ವಿಂಗ್ಸ್ ಬ್ಯಾಡ್ಜ್ ಎದೆಗೆ ಬರಬೇಕಾದರೆ ಐದು ಜಿಗಿತ ಆಗಲೇಬೇಕು. ಹೆಸರು ನೋಡಿ ಯಾರೂ ರಿಯಾಯಿತಿ ಕೊಡುವುದಿಲ್ಲ. ಪ್ಯಾರಾದಲ್ಲಿ ಈ ವಿಂಗ್ಸ್ ಇಲ್ಲದವನನ್ನು ಜವಾನ ನೋಡುವ ನೋಟವೇ ಬೇರೆ, ಇರುವವನನ್ನು ನೋಡುವ ನೋಟವೇ ಬೇರೆ. ಆಮೇಲೆ 2019ರ ಜುಲೈ ಕೊನೆಯಿಂದ ಆಗಸ್ಟ್ 15ರವರೆಗೆ ಕಾಶ್ಮೀರದಲ್ಲಿ ಅದೇ ಬೆಟಾಲಿಯನ್ ಜೊತೆ ಇದ್ದರು. ಗಸ್ತು, ಕಾವಲು, ಪೋಸ್ಟ್ ಡ್ಯೂಟಿ, ಜವಾನರ ಜೊತೆಗೇ ವಾಸ. ಗೌರವ ದರ್ಜೆಗೆ ಬೆಲೆ ಬರೋದು ಪಡೆದವರು ಅದಕ್ಕೆ ಕೊಡುವ ಸಮಯದಿಂದ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಸರ್ಕಾರ ಕೊಡುವ ಉದ್ದೇಶವೂ ಸ್ಪಷ್ಟವಾಗಿದೆ. ಟಿಎ ಅಂತ ಒಂದು ಸೇನೆ ಇದೆ ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. 2008ರಲ್ಲಿ ಕಪಿಲ್ ದೇವ್, 2009ರಲ್ಲಿ ಮಲಯಾಳಂ ನಟ ಮೋಹನ್‌ಲಾಲ್, 2025ರಲ್ಲಿ ನೀರಜ್ ಚೋಪ್ರಾ. ಇವರನ್ನು ನೋಡಿ ಹುಡುಗರು ಇತ್ತ ತಿರುಗಲಿ ಅಂತ. ನೀವೇ ನೋಡಿ, ನಿಮ್ಮ ಮಾವನಿಗೂ ಟಿಎ ಗೊತ್ತಾಗಿದ್ದು ಧೋನಿಯಿಂದ.

ಈಗ ಇನ್ನೊಂದು ದಾರಿ. ನೀವು ಹಿಡಿಯಬೇಕಾದ ದಾರಿ. ಸಚಿನ್ ಪೈಲಟ್ ಕೇಂದ್ರ ಮಂತ್ರಿಯಾಗಿದ್ದಾಗಲೇ 2012ರಲ್ಲಿ ಟಿಎ ಸೇರಿದರು. ಅನುರಾಗ್ ಠಾಕೂರ್ ಸಂಸದರಾಗಿದ್ದಾಗ 2016ರಲ್ಲಿ ಸೇರಿದರು. ಇಬ್ಬರೂ ಆಯ್ಕೆ ಪ್ರಕ್ರಿಯೆ ಮುಗಿಸಿ ಬಂದವರು. ಸಿಕ್ಕಿದ್ದು ಲೆಫ್ಟಿನೆಂಟ್ ರ‍್ಯಾಂಕ್, ಎರಡು ನಕ್ಷತ್ರ. ಠಾಕೂರ್ ಕ್ಯಾಪ್ಟನ್ ಆಗಿದ್ದು 2021ರಲ್ಲಿ. ಅಂದರೆ ದೆಹಲಿಯಲ್ಲಿ ಮಂತ್ರಿಯಾದರೂ ಯೂನಿಟ್‌ಗೆ ಬಂದರೆ ಮೇಜರ್‌ಗೆ ಸೆಲ್ಯೂಟ್ ಹೊಡೆಯಬೇಕು. ನೀವು ಪಾಸಾದರೂ ಲೆಫ್ಟಿನೆಂಟ್ ಆಗುತ್ತೀರಿ. ಅಲ್ಲಿಂದ ಲೆಫ್ಟಿನೆಂಟ್ ಕರ್ನಲ್‌ವರೆಗೆ ಸೇವಾವಧಿ ಮತ್ತು ಅರ್ಹತೆ ನೋಡಿ ಬಡ್ತಿ. ಕರ್ನಲ್, ಬ್ರಿಗೇಡಿಯರ್ ಆಗಬೇಕಾದರೆ ಆಯ್ಕೆ ಮಂಡಳಿ ಒಪ್ಪಬೇಕು. ಧೋನಿಯ ಲಾಂಛನದ ಜಾಗಕ್ಕೆ ನೀವು ಬರೋದಕ್ಕೆ ವರ್ಷಗಟ್ಟಲೆ ಬೇಕು. ಆದರೆ ಶುರುವಿನಲ್ಲೇ ನಿಮಗೆ ಒಂದು ಪ್ಲಟೂನ್, ಅಂದರೆ ಕಂಪನಿಯ ಒಂದು ಭಾಗ ಸಿಗುತ್ತದೆ. ಆ ಹುಡುಗರ ಜವಾಬ್ದಾರಿ ನಿಮ್ಮದು. ನನ್ನನ್ನು ಕೇಳಿದರೆ ಅದೇ ದೊಡ್ಡದು.

ಪ್ರಶ್ನೆ (ಮಡಿಕೇರಿಯ ಸದಸ್ಯೆ):
ಸರ್, ನಮ್ಮ ಅಜ್ಜ ರೆಗ್ಯುಲರ್ ಸೇನೆಯಲ್ಲಿ ಸುಬೇದಾರ್ ಮೇಜರ್ ಆಗಿದ್ದರು. ಮನೆ ಗೇಟಿನ ಬೋರ್ಡಿನಲ್ಲಿ 'ಆನರರಿ ಕ್ಯಾಪ್ಟನ್' ಅಂತ ಇದೆ. ಮೇಲಿನ ಉತ್ತರ ಓದಿ ಸ್ವಲ್ಪ ಬೇಜಾರಾಯಿತು. ಅದೂ ಬರೀ ಹೆಸರಿಗಾ?

ಉತ್ತರ:
ಇಲ್ಲಮ್ಮ, ಖಂಡಿತ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ. 'ಆನರರಿ' ಅನ್ನೋ ಪದ ಎರಡೂ ಕಡೆ ಇದೆ, ಆದರೆ ಎರಡರ ಹಿನ್ನೆಲೆ ಪೂರ್ತಿ ಬೇರೆ.

ನಿಮ್ಮ ಅಜ್ಜ ಸಿಪಾಯಿಯಾಗಿ ಸೇರಿರುತ್ತಾರೆ. ನಾಯಕ್, ಹವಾಲ್ದಾರ್, ನಾಯಬ್ ಸುಬೇದಾರ್, ಸುಬೇದಾರ್ ದಾಟಿ ಸುಬೇದಾರ್ ಮೇಜರ್ ಆಗಿರುತ್ತಾರೆ. ಒಂದು ಬೆಟಾಲಿಯನ್‌ಗೆ ಒಬ್ಬರೇ ಸುಬೇದಾರ್ ಮೇಜರ್. ನೂರಾರು ಜನರಲ್ಲಿ ಆ ಜಾಗಕ್ಕೆ ಬರುವವರು ಒಬ್ಬರು. ಇಂಥ ಜೆಸಿಒಗಳಲ್ಲೂ (ನಾಯಬ್ ಸುಬೇದಾರ್‌ನಿಂದ ಸುಬೇದಾರ್ ಮೇಜರ್‌ವರೆಗಿನ ಜೂನಿಯರ್ ಕಮಿಷನ್ಡ್ ಆಫೀಸರ್‌ಗಳು) ಆಯ್ದ ಕೆಲವರಿಗೆ ಮಾತ್ರ ಜನವರಿ 26 ಮತ್ತು ಆಗಸ್ಟ್ 15ರಂದು ರಾಷ್ಟ್ರಪತಿಗಳು ಆನರರಿ ಕಮಿಷನ್ (ಗೌರವ ಅಧಿಕಾರಿ ದರ್ಜೆ) ಕೊಡುತ್ತಾರೆ. ಮೊದಲು ಆನರರಿ ಲೆಫ್ಟಿನೆಂಟ್, ಆಮೇಲೆ ಆನರರಿ ಕ್ಯಾಪ್ಟನ್. ಸೇವೆಯಲ್ಲಿರುವಾಗಲೇ ಸಿಕ್ಕರೆ ಸಂಬಳವೂ ಹೆಚ್ಚುತ್ತದೆ, ಪಿಂಚಣಿಯೂ ಹೆಚ್ಚುತ್ತದೆ. ಸಿಯಾಚಿನ್‌ನ ಪರಮವೀರ ಚಕ್ರ ವಿಜೇತ ಬಾನಾ ಸಿಂಗ್ ಆನರರಿ ಕ್ಯಾಪ್ಟನ್. ಕಾರ್ಗಿಲ್‌ನ ಟೈಗರ್ ಹಿಲ್ ಹತ್ತಿದ ಯೋಗೇಂದ್ರ ಸಿಂಗ್ ಯಾದವ್ ಆನರರಿ ಕ್ಯಾಪ್ಟನ್. ನಿಮ್ಮ ಅಜ್ಜನ ಬೋರ್ಡಿನಲ್ಲಿ ಇರೋದು ಇದೇ ರ‍್ಯಾಂಕ್.

ಟಿಎಯಲ್ಲೂ ಸುಬೇದಾರ್ ಮೇಜರ್ ಇರುತ್ತಾರೆ. ದಾವಣಗೆರೆಯವರು ನಾಯಕತ್ವದ ಬಗ್ಗೆ ಕೇಳಿದರಲ್ಲ, ಇದನ್ನೂ ಓದಲಿ. ನಾನು ಹೊಸ ಲೆಫ್ಟಿನೆಂಟ್ ಆಗಿದ್ದಾಗ ಕ್ಯಾಂಪಿನಲ್ಲಿ ಒಬ್ಬ ಜವಾನ ಮೂರು ದಿನ ತಡವಾಗಿ ಬಂದ. ಊರಿನಲ್ಲಿ ಅವನದು ಕಿರಾಣಿ ಅಂಗಡಿ. ಅವನನ್ನು ಸಿಒ ಮುಂದೆ ನಿಲ್ಲಿಸಬೇಕು ಅಂತ ನಾನು ಹೊರಟಿದ್ದೆ. ಸುಬೇದಾರ್ ಮೇಜರ್ ಸಾಬ್ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಸರ್, ಇವನ ಹೆಂಡತಿಗೆ ಹೆರಿಗೆ ಆಗಿದೆ. ಫೋನ್ ಮಾಡಿ ನನಗೆ ಹೇಳಿದ್ದ. ಇವತ್ತು ರಾತ್ರಿ ಗಾರ್ಡ್ ಡ್ಯೂಟಿ ಇವನಿಗೇ ಹಾಕೋಣ" ಅಂದರು. ಅಷ್ಟೇ. ಶಿಸ್ತೂ ಉಳಿಯಿತು, ಮನುಷ್ಯನೂ ಉಳಿದ. ಟಿಎ ಜವಾನನಿಗೆ ಊರಲ್ಲಿ ಇನ್ನೊಂದು ಬದುಕು ಇರುತ್ತದೆ. ಹೊಲ, ಅಂಗಡಿ, ಡ್ರೈವರ್ ಕೆಲಸ. ಅದು ಗೊತ್ತಿಲ್ಲದೆ ಅವನನ್ನು ನಡೆಸೋಕೆ ಆಗಲ್ಲ. ಆಫೀಸರ್‌ಗಳು ಜೆಸಿಒಗಳನ್ನು 'ಸಾಬ್' ಅಂತಲೇ ಕರೆಯೋದು. ರ‍್ಯಾಂಕಿನಲ್ಲಿ ಅವರು ನಮಗಿಂತ ಕೆಳಗೆ, ಅನುಭವದಲ್ಲಿ ತುಂಬಾ ಮೇಲೆ.

ಪ್ರಶ್ನೆ (ಅದೇ ಸದಸ್ಯೆ):
ತುಂಬಾ ಥ್ಯಾಂಕ್ಸ್ ಸರ್, ಅಜ್ಜನಿಗೆ ಓದಿ ಹೇಳ್ತೀನಿ. ಇನ್ನೊಂದು ವಿಷಯ. ಜನರಲ್ ತಿಮ್ಮಯ್ಯ ಕುಮಾವ್ ರೆಜಿಮೆಂಟಿನ ಕರ್ನಲ್ ಆಗಿದ್ದರು ಅಂತ ಅಜ್ಜ ಹೇಳ್ತಾರೆ. ಜನರಲ್ ಆದವರು ಕರ್ನಲ್ ಹೇಗಾಗ್ತಾರೆ?

ಉತ್ತರ:
ಅಜ್ಜ ಹೇಳಿದ್ದು ಸರಿ. ಅದು 'ಕರ್ನಲ್ ಆಫ್ ದ ರೆಜಿಮೆಂಟ್' ಅನ್ನೋ ಗೌರವದ ಸ್ಥಾನ. ಮಾಮೂಲಿ ಕರ್ನಲ್ ರ‍್ಯಾಂಕಿಗೂ ಇದಕ್ಕೂ ಸಂಬಂಧ ಇಲ್ಲ. ರೆಜಿಮೆಂಟಿನ ಹಿರಿಯ ಜನರಲ್ ಒಬ್ಬರು ತಮ್ಮ ಮುಖ್ಯ ಕೆಲಸದ ಜೊತೆಗೆ ಇದನ್ನೂ ಹೊರುತ್ತಾರೆ. ಯುದ್ಧದ ಆದೇಶ ಕೊಡೋ ಅಧಿಕಾರ ಇದರಿಂದ ಬರೋದಿಲ್ಲ. ರೆಜಿಮೆಂಟಿನ ಸಂಪ್ರದಾಯ, ಮಾಜಿ ಸೈನಿಕರು, ವೀರಯೋಧರ ಹೆಂಡತಿ ಮಕ್ಕಳ ಕ್ಷೇಮ, ಇವನ್ನೆಲ್ಲ ನೋಡಿಕೊಳ್ಳುತ್ತಾರೆ. ಮನೆಗೆ ಹಿರಿಯರು ಇದ್ದ ಹಾಗೆ. ಕಾರ್ಯಪ್ಪನವರು ರಜಪೂತ್ ರೆಜಿಮೆಂಟಿಗೆ ಹೀಗೇ ಇದ್ದರು. ದೇಶದೇಶಗಳ ನಡುವೆಯೂ ಇಂಥ ಗೌರವ ಇದೆ. ನೇಪಾಳದ ಸೇನಾ ಮುಖ್ಯಸ್ಥರಿಗೆ ನಮ್ಮ ಸೇನೆಯ ಆನರರಿ ಜನರಲ್ ದರ್ಜೆ, ನಮ್ಮ ಮುಖ್ಯಸ್ಥರಿಗೆ ಅವರ ಸೇನೆಯದು. 1950ರಲ್ಲಿ ಇದು ಶುರುವಾದಾಗ ಮೊದಲು ಪಡೆದವರೂ ಕಾರ್ಯಪ್ಪನವರೇ.

ಪ್ರಶ್ನೆ (ಬೆಂಗಳೂರಿನ ಸದಸ್ಯರು):
ಟಿಎ ಬ್ರಿಟಿಷರ ಕಾಲದ್ದಾ ಸರ್?

ಉತ್ತರ:
ಬೇರು ಅಲ್ಲಿಯದು. 1920ರಲ್ಲಿ ಬ್ರಿಟಿಷರು ಕಾನೂನು ಮಾಡಿ ಎರಡು ಭಾಗ ಮಾಡಿದರು. ಯುರೋಪಿಯನ್ನರು ಮತ್ತು ಆಂಗ್ಲೋ ಇಂಡಿಯನ್ನರಿಗೆ ಒಂದು, ಭಾರತೀಯರಿಗೆ ಇನ್ನೊಂದು. ಈಗಿನ ಟಿಎ ಬಂದಿದ್ದು ಸ್ವತಂತ್ರ ಭಾರತದ 1948ರ ಕಾಯ್ದೆಯಿಂದ. ಗವರ್ನರ್ ಜನರಲ್ ರಾಜಾಜಿ 1949ರ ಅಕ್ಟೋಬರ್ 9ರಂದು ಉದ್ಘಾಟಿಸಿದರು. ಆಗ ಸೇನೆಯ ಮುಖ್ಯಸ್ಥರು ಕಾರ್ಯಪ್ಪನವರು. ಅಕ್ಟೋಬರ್ 9 ಇವತ್ತಿಗೂ ಟಿಎ ದಿನ.

ನಿಮ್ಮ ಊರಲ್ಲೇ ಒಂದು ಗುರುತು ಇದೆ. ಕಬ್ಬನ್ ರಸ್ತೆ ಕಡೆ ಹಿಂದೆ ಬಿಆರ್‌ವಿ ಟಾಕೀಸ್ ಇತ್ತಲ್ಲ? ಬಿಆರ್‌ವಿ ಅಂದರೆ ಬೆಂಗಳೂರು ರೈಫಲ್ ವಾಲಂಟಿಯರ್ಸ್. ಬ್ರಿಟಿಷರ ಕಾಲದ ಅರೆಕಾಲಿಕ ಸೈನಿಕರ ದಳ ಅದು. ಎಷ್ಟೋ ಜನ ಅಲ್ಲಿ ಸಿನಿಮಾ ನೋಡಿದ್ದಾರೆ, ಹೆಸರು ಎಲ್ಲಿಂದ ಬಂತು ಅಂತ ಗೊತ್ತಿಲ್ಲ.

ಪ್ರಶ್ನೆ (ಬ್ರಿಟನ್‌ನಲ್ಲಿರುವ ಸದಸ್ಯರು):
ಇಲ್ಲಿನ ಆರ್ಮಿ ರಿಸರ್ವ್ ರೆಜಿಮೆಂಟುಗಳಲ್ಲಿ ಆನರರಿ ಕರ್ನಲ್ ಅಂತ ಇರ್ತಾರೆ. ನಮ್ಮಲ್ಲಿಯ ಥರಾನೇನಾ?

ಉತ್ತರ:
ಉದ್ದೇಶ ಹತ್ತಿರದ್ದು, ರೀತಿ ಬೇರೆ. ಅಲ್ಲಿ ಆನರರಿ ಕರ್ನಲ್ ಅನ್ನೋದು ಒಂದು ಯೂನಿಟ್‌ಗೆ ಮಾಡುವ ನೇಮಕ, ನಿಗದಿತ ಅವಧಿಗೆ. ರಾಜಮನೆತನದವರು, ಸೇನೆಯ ಹಿರಿಯರು, ಆ ಪ್ರದೇಶದಲ್ಲಿ ಹೆಸರು ಮಾಡಿದ ನಾಗರಿಕರು ಆಗುತ್ತಾರೆ. ಊರಿಗೂ ರೆಜಿಮೆಂಟಿಗೂ ನಂಟು ಬೆಳೆಸೋದು ಅವರ ಕೆಲಸ. ಕಮಾಂಡ್ ಅಲ್ಲೂ ಸಿಒ ಕೈಯಲ್ಲೇ. ನಮ್ಮಲ್ಲಿ ಪ್ರಸಿದ್ಧರಿಗೆ ಕೊಡೋದು ರ‍್ಯಾಂಕ್. ಅಲ್ಲಿಯ ಒಂದು ಪದ್ಧತಿ ನಮಗೂ ಬರಲಿ ಅಂತ ನನ್ನ ಆಸೆ. ಸ್ಥಳೀಯರನ್ನು ಆರಿಸೋದು. ಬೆಳಗಾವಿಯ ಬೆಟಾಲಿಯನ್‌ಗೆ ಆ ಭಾಗದ ಒಬ್ಬ ಕುಸ್ತಿ ಪಟುವೋ, ಮೇಷ್ಟ್ರೋ ಗೌರವ ಅಧಿಕಾರಿಯಾಗಿ ಬಂದು ಹಳ್ಳಿ ಶಾಲೆಗಳಲ್ಲಿ ಮಾತಾಡಿದರೆ ಎಷ್ಟು ಚೆನ್ನ ಅಲ್ವಾ?

ಪ್ರಶ್ನೆ (ದಾವಣಗೆರೆಯ ಸದಸ್ಯರು):
ಸರ್, ಎಲ್ಲ ಓದಿದೆ. ಮಾವನಿಗೂ ಕಳಿಸಿದೆ. ಕೆಲಸ ಬಿಡಬೇಕಾ? ಮುಂದೆ ಹೇಗೆ?

ಉತ್ತರ:
ಕೆಲಸ ಬಿಡೋ ಹಾಗೇ ಇಲ್ಲ! ಬೇರೆ ಕಡೆ ದುಡಿಮೆ ಇರಬೇಕು ಅನ್ನೋದೇ ಟಿಎ ಅಧಿಕಾರಿಯ ಅರ್ಹತೆ. ವಯಸ್ಸು 18ರಿಂದ 42, ಪದವಿ, ಒಳ್ಳೆ ಆರೋಗ್ಯ. ಲಿಖಿತ ಪರೀಕ್ಷೆ, ಆಮೇಲೆ ಎಸ್ಎಸ್‌ಬಿ, (ಸೇನಾ ಆಯ್ಕೆ ಮಂಡಳಿಯ ಸಂದರ್ಶನ, ಪರೀಕ್ಷೆಗಳು), ಆಮೇಲೆ ವೈದ್ಯಕೀಯ. ಎಸ್ಎಸ್‌ಬಿಗೆ ಜಾಸ್ತಿ ತಯಾರಿ ಮಾಡಿ, ಹೆಚ್ಚಿನವರು ಸೋಲೋದು ಅಲ್ಲೇ. ಸೇರಿದ ಮೇಲೆ ವರ್ಷಕ್ಕೆ ಎರಡು ತಿಂಗಳ ತರಬೇತಿ. ಮೊದಲ ಎರಡು ವರ್ಷದೊಳಗೆ ಡೆಹ್ರಾಡೂನ್‌ನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ (ಐಎಂಎ) ಮೂರು ತಿಂಗಳು.

ಎರಡು ವಿಷಯ ಮನೆಯಲ್ಲಿ ಕೂತು ಮಾತಾಡಿ. ಒಂದು, ಪಿಂಚಣಿ. ಸೇವೆಗೆ ಕರೆಸಿಕೊಂಡ ಅವಧಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅಧಿಕಾರಿಗೆ ಅದು 20 ವರ್ಷ ಆಗಬೇಕು, ಹಾಗಾಗಿ ಅದನ್ನು ನಂಬಿ ಬರಬೇಡಿ. ಎರಡು, ಕರೆ ಬಂದರೆ ಹೋಗಲೇಬೇಕು. 2025ರ ಮೇ ತಿಂಗಳಲ್ಲಿ ಟಿಎಯ ಪ್ರತಿಯೊಬ್ಬರನ್ನೂ ಕರೆಸಿಕೊಳ್ಳುವ ಅಧಿಕಾರವನ್ನು ಸರ್ಕಾರ ಸೇನಾ ಮುಖ್ಯಸ್ಥರಿಗೆ ಕೊಟ್ಟಿತು. 32 ಇನ್‌ಫೆಂಟ್ರಿ ಬೆಟಾಲಿಯನ್‌ಗಳಲ್ಲಿ 14ನ್ನು ನಿಯೋಜಿಸಲು ಒಪ್ಪಿಗೆಯೂ ಸಿಕ್ಕಿತು. 1962, 1965, 1971ರಲ್ಲೂ ನಮ್ಮವರು ಹೋಗಿದ್ದಾರೆ. ಸೇವೆಯಿಂದ ವಾಪಸ್ ಬಂದವರನ್ನು ಕೆಲಸಕ್ಕೆ ಮರಳಿ ತೆಗೆದುಕೊಳ್ಳಬೇಕು ಅಂತ ಟಿಎ ಕಾಯ್ದೆಯಲ್ಲೇ ಇದೆ. ಆದರೂ ಈಗಲೇ ನಿಮ್ಮ ಎಚ್‌ಆರ್ ಜೊತೆ ಮಾತಾಡಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ತಗೊಳ್ಳಿ. ಅರ್ಜಿಗೆ ಅದು ಬೇಕಾಗುತ್ತದೆ. ಎಸ್ಎಸ್‌ಬಿಗೆ ಕರೆ ಬಂದರೆ ಇಲ್ಲೇ ಹಾಕಿ, ಗುಂಪು ಚಟುವಟಿಕೆಗಳ ಬಗ್ಗೆ ಫೋನಿನಲ್ಲೇ ಮಾತಾಡೋಣ.