ಎಲ್ಲಕ್ಕೂ ‘ಸುಂದರವಾದ’ ಅಂತ ಬರೆಯುವ ಮಕ್ಕಳಿಗೆ ಗುಣವಾಚಕ ಹೇಗೆ ಕಲಿಸೋದು?

ಮೂರನೇ ಕ್ಲಾಸ್ ಮಿಸ್:
ಮೂರನೇ ತರಗತಿಗೆ ಕನ್ನಡ ಪಾಠ ಮಾಡುತ್ತೇನೆ. ‘ಗುಣವಾಚಕಕ್ಕೆ ಗೆರೆ ಎಳೆಯಿರಿ’ ಎಂದರೆ ಹೆಚ್ಚಿನವರು ಸರಿಯಾಗಿ ಎಳೆಯುತ್ತಾರೆ. ಸ್ವಂತ ವಾಕ್ಯ ಬರೆಯಿರಿ ಎಂದ ಕೂಡಲೇ ಶುರು: ಸುಂದರವಾದ ಮರ, ಸುಂದರವಾದ ನಾಯಿ, ಸುಂದರವಾದ ಮಳೆ. ಪದಗಳ ಅರ್ಥದ್ದೂ ಇದೇ ಗೋಳು. ಪಟ್ಟಿಯಲ್ಲಿ ‘ವಿಶಾಲ ಎಂದರೆ ಅಗಲವಾದ’ ಅಂತಿದೆ. ಅದನ್ನು ಕಲಿತ ಒಬ್ಬ ‘ನನ್ನ ಹತ್ತಿರ ವಿಶಾಲವಾದ ಬೆಲ್ಟ್ ಇದೆ’ ಎಂದು ಬರೆದುಕೊಟ್ಟ. ನಗು ಬಂತು. ಆದರೆ ತಪ್ಪು ಅಂತ ಯಾವ ಬಾಯಲ್ಲಿ ಹೇಳಲಿ? ಇನ್ನು ಕೆಲವರಿಗೆ ‘ಚೆನ್ನಾಗಿ’, ‘ಜೋರಾಗಿ’ ಕೂಡ ಗುಣವಾಚಕವೇ. ನೀವೆಲ್ಲ ಏನು ಮಾಡುತ್ತೀರಿ?

ಹಳೇ ಚಾಕ್‌ಪೀಸ್:
ಮೇಡಂ, ‘ಸುಂದರವಾದ’ ಬರೆದರೆ ಯಾರೂ ತಪ್ಪು ಹಾಕುವುದಿಲ್ಲ ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತು. ಜಾಣರು ಅವರು. ಗುಣವಾಚಕ ಇಲ್ಲದೆ ಕೆಲಸವೇ ಆಗದ ಹಾಗೆ ಮಾಡಿ, ಆಗ ನೋಡಿ.

ಮಕ್ಕಳದ್ದೇ ಪೆನ್ಸಿಲ್‌ಗಳನ್ನು ಮೇಜಿನ ಮೇಲೆ ಹರಡಿ. ಒಬ್ಬೊಬ್ಬರೇ ಬಂದು ತಮ್ಮದನ್ನು ಕೇಳಿ ಪಡೆಯಬೇಕು. ಬೆರಳು ತೋರಿಸುವಂತಿಲ್ಲ, ‘ನಂದು’ ಅನ್ನುವಂತಿಲ್ಲ. ‘ಪೆನ್ಸಿಲ್ ಕೊಡಿ’ ಎಂದರೆ ಬೇಕೆಂದೇ ಬೇರೆಯದನ್ನು ಕೊಡಿ. ‘ಕೆಂಪು ಪೆನ್ಸಿಲ್’ ಎಂದರೆ ಇನ್ನೊಂದು ಕೆಂಪನ್ನು ಎತ್ತಿ. ಆಮೇಲೆ ತಾನಾಗಿ ಬರುತ್ತೆ: ಮೊಂಡು ಪೆನ್ಸಿಲ್, ಗಿಡ್ಡ ಪೆನ್ಸಿಲ್, ‘ಹಿಂದೆ ಕಚ್ಚಿದ ಕೆಂಪು ಪೆನ್ಸಿಲ್’. ಈ ಕೊನೆಯದು ನನಗೆ ಬಹಳ ಇಷ್ಟ. ‘ಕಚ್ಚಿದ’ ಎನ್ನುವುದು ಕ್ರಿಯೆಯಿಂದ ಬಂದ ಪದ, ವ್ಯಾಕರಣದಲ್ಲಿ ಕೃದಂತ ಅನ್ನುತ್ತಾರೆ. ಇರಲಿ ಬಿಡಿ. ಪೆನ್ಸಿಲ್ ಎಂಥದ್ದು ಅಂತ ಹೇಳುತ್ತಿದೆ ತಾನೇ? ಈ ವಯಸ್ಸಿಗೆ ಅಷ್ಟು ಸಾಕು.

‘ಸುಂದರವಾದ ಪೆನ್ಸಿಲ್ ಕೊಡಿ’ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಯಾವುದಪ್ಪಾ ಅದು ಎಂದು ಉಳಿದವರನ್ನು ಕೇಳಿ. ಒಬ್ಬೊಬ್ಬರು ಒಂದೊಂದನ್ನು ತೋರಿಸುತ್ತಾರೆ. ನೀವು ಬೇರೆ ಭಾಷಣ ಮಾಡಬೇಕಾಗಿಲ್ಲ.

‘ಜೋರಾಗಿ’ ವಿಷಯಕ್ಕೆ ಕಿವಿಯೇ ಸಾಕು. ‘ಜೋರಾದ ಮಳೆ’ ಎಂದು ನಿಲ್ಲಿಸಬಹುದು. ‘ಜೋರಾಗಿ ಮಳೆ’ ಎಂದರೆ ಮಾತು ಅರ್ಧಕ್ಕೇ ನಿಂತಿತು, ‘ಬಂತು’ ಬೇಕು. ಗಟ್ಟಿಯಾಗಿ ಹೇಳಿಸಿದರೆ ಮಕ್ಕಳೇ ಕಂಡುಹಿಡಿಯುತ್ತಾರೆ. ‘ಮಳೆ ಜೋರಾಗಿದೆ’ ಎನ್ನುವಂಥದ್ದನ್ನು ಮಾತ್ರ ಈಗಲೇ ಎಳೆದು ತರಬೇಡಿ.

ನಿಘಂಟಿನ ಹುಳು:
ಆ ಬೆಲ್ಟ್‌ನವನಿಗೆ ನನ್ನ ಕಡೆಯಿಂದ ಪೂರ್ತಿ ಅಂಕ! ಮಕ್ಕಳು ಪದಗಳನ್ನು ಹೇಗೆ ಕಲಿಯುತ್ತಾರೆ ಎಂದು ಅಧ್ಯಯನ ಮಾಡಿದ ಜಾರ್ಜ್ ಮಿಲ್ಲರ್ ಮತ್ತು ಪೆಟ್ರೀಷಿಯಾ ಗಿಲ್ಡಿಯಾ 1987ರಲ್ಲಿ ಇಂಥ ವಾಕ್ಯಗಳ ಬಗ್ಗೆಯೇ ಬರೆದಿದ್ದರು. ನಿಘಂಟು ನೋಡಿ ವಾಕ್ಯ ಮಾಡಲು ಹೇಳಿದಾಗ, ಒಂದು ಮಗು ಇಂಗ್ಲಿಷಿನ ‘ಸ್ಟಿಮ್ಯುಲೇಟ್’ (ಪ್ರಚೋದಿಸು) ಎಂದರೆ ಕಲಕುವುದು ಅಂತ ತಿಳಿದು, ಒಬ್ಬಾಕೆ ಸೂಪನ್ನು ಸ್ಟಿಮ್ಯುಲೇಟ್ ಮಾಡಿದಳು ಎಂದು ಬರೆದಿತ್ತು. ನಿಮ್ಮ ಹುಡುಗನೂ ಪಟ್ಟಿ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದಾನೆ. ಕೆಟ್ಟದ್ದು ಪಟ್ಟಿ.

ನಾನು ಒಂಟಿ ಪದದ ಅರ್ಥ ಬರೆಸುವುದನ್ನು ಇಷ್ಟಪಡುವುದಿಲ್ಲ. ಜೊತೆಯಲ್ಲಿ ಒಂದು ನಾಮಪದ ಇರಲೇಬೇಕು. ವಿಶಾಲವಾದ ಮೈದಾನ, ವಿಶಾಲವಾದ ಆಕಾಶ, ವಿಶಾಲ ಮನಸ್ಸು ಒಂದು ಕಡೆ. ಅಗಲವಾದ ಬೆಲ್ಟ್, ಅಗಲವಾದ ರಿಬ್ಬನ್ ಇನ್ನೊಂದು ಕಡೆ. ವಿರುದ್ಧ ಪದಕ್ಕೂ ಇದೇ ಮಾತು. ‘ಹಸಿ’ಗೆ ವಿರುದ್ಧ ಏನು? ಹಸಿ ಕಟ್ಟಿಗೆಯಾದರೆ ಒಣ ಕಟ್ಟಿಗೆ, ಹಸಿ ತರಕಾರಿಯಾದರೆ ಬೆಂದ ತರಕಾರಿ. ಹಸಿ ಸುಳ್ಳು? ಅಲ್ಲಿ ‘ಒಣ ಸುಳ್ಳು’, ‘ಬೆಂದ ಸುಳ್ಳು’ ಅಂತ ಕೂಗಿ ಇಡೀ ತರಗತಿ ನಗುತ್ತೆ. ನಗಲಿ. ಹಳೆಯ ಚೀಲ ಅನ್ನಬಹುದು, ‘ಹಳೆಯ ಅಜ್ಜ’ ಅಂದರೆ ಅಜ್ಜನಿಗೇ ಕೋಪ ಬರುತ್ತೆ ಅಲ್ವಾ?

ಇನ್ನೊಂದು ಆಟ. ಎಳೆ ಬಿಸಿಲು, ಚುರುಕು ಬಿಸಿಲು, ಸುಡು ಬಿಸಿಲು, ಉರಿ ಬಿಸಿಲು ಎಂದು ಚೀಟಿ ಬರೆದು ಹಂಚಿ. ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ನಿಲ್ಲಬೇಕು. ಸುಡು ಮುಂದೋ ಉರಿ ಮುಂದೋ ಅಂತ ಜಗಳ ಹತ್ತಿಕೊಳ್ಳುತ್ತದೆ. ದಯವಿಟ್ಟು ತೀರ್ಪು ಕೊಡಬೇಡಿ, ಅವರವರೇ ಕಾರಣ ಹೇಳಿ ವಾದ ಮಾಡಲಿ. ಮಳೆಗೂ ಇದನ್ನು ಮಾಡಿಸಬಹುದು: ತುಂತುರು ಮಳೆ, ಜಿಟಿಜಿಟಿ ಮಳೆ, ಬಿರುಮಳೆ.

ಎರಡು ಭಾಷೆ ಮನೆ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ನಾನು ಟೀಚರ್ ಅಲ್ಲ. ನಮ್ಮ ಮನೆಯಲ್ಲಿ ಹಿಂದಿಯೂ ನಡೆಯುತ್ತದೆ. ಮಗಳು ‘ಒಳ್ಳೆಯವಳು ಹುಡುಗಿ’ ಅನ್ನುತ್ತಾಳೆ. ‘ಅಚ್ಛಾ ಲಡ್ಕಾ, ಅಚ್ಛೀ ಲಡ್ಕೀ’ ಇದ್ದ ಹಾಗೆ ಕನ್ನಡದಲ್ಲೂ ಬದಲಾಗಬೇಕು ಅಂದುಕೊಂಡಿದ್ದಾಳೇನೋ.

ಹಳೇ ಚಾಕ್‌ಪೀಸ್:
ಹಾಗೇ ಇರಬೇಕು. ಕನ್ನಡದಲ್ಲಿ ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮಕ್ಕಳು, ಎಲ್ಲಕ್ಕೂ ಒಂದೇ. ಮುಂದಿನ ನಾಮಪದ ಬಿಟ್ಟುಹೋದಾಗ ಮಾತ್ರ ಒಳ್ಳೆಯವನು, ಒಳ್ಳೆಯವಳು, ಒಳ್ಳೆಯದು ಬರುತ್ತವೆ. ಮನೆಯಲ್ಲೂ ಪೆನ್ಸಿಲ್ ಆಟ ಆಡಿ. ಮೊದಲು ‘ದೊಡ್ಡ ಪೆನ್ಸಿಲ್ ಕೊಡು’, ಆಮೇಲೆ ಬರೀ ‘ದೊಡ್ಡದು ಕೊಡು’. ಸುಮ್ನೆ ತಿದ್ದುತ್ತಾ ಕೂರಬೇಡಿ, ಸರಿಯಾದದ್ದು ಅವಳ ಕಿವಿಗೆ ಬೀಳುತ್ತಿರಲಿ.

ಮೂರನೇ ಕ್ಲಾಸ್ ಮಿಸ್:
ತುಂಬಾ ಥ್ಯಾಂಕ್ಸ್. ಪೆನ್ಸಿಲ್ ಆಟ ನಾಳೆಯೇ. ಆದರೆ ಪರೀಕ್ಷೆಯಲ್ಲಿ ಏನು ಕೇಳಲಿ? ಮತ್ತೆ ಗೆರೆ ಎಳೆಸಿದರೆ ಎಲ್ಲ ಮೊದಲಿನ ಹಾಗೇ ಆಗುತ್ತೆ.

ನಿಘಂಟಿನ ಹುಳು:
ಗೆರೆ ಎಳೆಯುವುದು ಒಂದು ಪ್ರಶ್ನೆ ಇರಲಿ, ಹೆದರುವ ಮಕ್ಕಳಿಗೆ ಧೈರ್ಯ ಬರುತ್ತದೆ. ಇನ್ನೊಂದರಲ್ಲಿ ಚೂಪಾದ, ಹರಿತವಾದ ಎಂಬ ಎರಡು ಪದ ಕೊಟ್ಟು, ಚಾಕು, ಪೆನ್ಸಿಲ್, ಮುಳ್ಳು ಇವುಗಳಲ್ಲಿ ಯಾವುದಕ್ಕೆ ಯಾವುದು ಹೊಂದುತ್ತದೆ, ಏಕೆ ಎಂದು ಕೇಳಿ. ಚಾಕುವಿಗೆ ಎರಡೂ ಹೊಂದುತ್ತವೆ ಎಂದವರಿಗೂ ಅಂಕ ಕೊಡಿ, ತುದಿ ಬೇರೆ ಅಲಗು ಬೇರೆ ಅಂತ ಬರೆದಿದ್ದರೆ. ಮೂರನೆಯದು: ‘ನಿಮ್ಮ ಚೀಲದ ಬಗ್ಗೆ ನಾಲ್ಕು ಸಾಲು ಬರೆಯಿರಿ. ಸುಂದರವಾದ ಎಂಬ ಪದ ಬಳಸಬಾರದು.’ ಅದನ್ನು ಓದಿ, ಮೂಲೆಯಲ್ಲಿರುವ ಚೀಲಗಳ ರಾಶಿಯಿಂದ ಆ ಚೀಲವನ್ನು ನೀವು ಹುಡುಕಿ ತೆಗೆದರೆ ಪೂರ್ತಿ ಅಂಕ.