ಸಹಾಯ ಬೇಕು: 1381ರ ಜಾನ್ ಬಾಲ್ ಬಾಯಲ್ಲಿ ಯಾವ ಮಾತು ಇಡಲಿ?

ಗೆಳೆಯರೇ, 1381ರ ಇಂಗ್ಲೆಂಡಿನ ರೈತ ದಂಗೆ ಬಗ್ಗೆ ಕಾದಂಬರಿ ಬರೆಯುತ್ತಿದ್ದೇನೆ. ಕೂಲಿ ಏರದಂತೆ ತಡೆದ 1351ರ ಕಾನೂನು, ಅದರ ಮೇಲೆ ತಲೆಗಂದಾಯ, ಜನ ಸಿಡಿದೆದ್ದಿದ್ದು ಸಹಜವೇ ಅಲ್ವಾ. ನಾನು ಎಡಪಂಥದವನು, ಈ ಕಥೆ ನನಗೆ ತುಂಬಾ ಹತ್ತಿರ.

ಸಿಕ್ಕಿಕೊಂಡಿರುವುದು ದಂಗೆ ಎದ್ದವರ ಪಾದ್ರಿ ಜಾನ್ ಬಾಲ್ ಭಾಷಣದಲ್ಲಿ. ಆದಮ್ ಅಗೆಯುತ್ತಿದ್ದಾಗ, ಈವ್ ನೂಲುತ್ತಿದ್ದಾಗ ಒಡೆಯ ಯಾರಿದ್ದ ಅಂತ ಲಂಡನ್ ಬಳಿಯ ಬ್ಲಾಕ್‌ಹೀತ್‌ನಲ್ಲಿ ಕೇಳಿದನಂತೆ. ಇದನ್ನು ಬರೆದಿಟ್ಟವರು ಅವನನ್ನು ಕಂಡರಾಗದ ಸನ್ಯಾಸಿಗಳು. ವರ್ಗ, ಶೋಷಣೆ ಅಂತ ಬರೆದು ನೋಡಿದೆ, ಈ ಕಾಲದ ಕಾರ್ಮಿಕ ಸಂಘದ ಕರಪತ್ರ ಓದಿದ ಹಾಗಾಯಿತು. ಬರೀ ಬೈಬಲ್ ಮಾತು ಇಟ್ಟರೆ ಸಿಟ್ಟೇ ಇಳಿದುಹೋಗುತ್ತದೆ.

ಐತಿಹಾಸಿಕ ಕಾದಂಬರಿ ಬರೆದವರು ದಯವಿಟ್ಟು ಹೇಳಿ: 'ವರ್ಗ'ದಂಥ ಇಂದಿನ ಪದಗಳನ್ನು ಪೂರ್ತಿ ಬಿಟ್ಟು, ಧರ್ಮದ ಮಾತಿನಲ್ಲೇ ಆ ಸಿಟ್ಟು ಓದುಗರಿಗೆ ಮುಟ್ಟುವಂತೆ ಬರೆಯುವುದು ಹೇಗೆ?